ಅಕೀಕ್: ಮದೀನಾದ ಅನುಗ್ರಹೀತ ಕಣಿವೆ ಮತ್ತು ಅದರ ನೀರಿನ ನ್ಯಾಯ

ಹಿಜರಿ 10ನೇ ವರ್ಷ. ದುಲ್‌ಕಅದ್ ತಿಂಗಳು ಮುಗಿಯಲು ಐದು ದಿನಗಳಿದ್ದಾಗ ಪ್ರವಾದಿವರ್ಯರು(ಸ) ವಿದಾಯ ಹಜ್ಜ್‌ಗಾಗಿ ಮದೀನಾದಿಂದ ಹೊರಟರು. ಝುಹ್ರ್ ನಮಾಝನ್ನು ಮದೀನಾದಲ್ಲಿ ನಾಲ್ಕು ರಕಅತ್ ನಿರ್ವಹಿಸಿದರು; ಅಸ್ರ್ ನಮಾಝನ್ನು ದುಲ್‌ಹುಲೈಫಾದಲ್ಲಿ ಪ್ರಯಾಣಿಕರಾಗಿ ಎರಡು ರಕಅತ್ ನಿರ್ವಹಿಸಿದರು. ಆ ರಾತ್ರಿ ಅಲ್ಲಿಯೇ ತಂಗಿದರು. ತಮ್ಮ ಪ್ರಭುವಿನ ಕಡೆಯಿಂದ ಬಂದವರೊಬ್ಬರು ಈ ಅನುಗ್ರಹೀತ ಕಣಿವೆಯಲ್ಲಿ ನಮಾಝ್ ಮಾಡುವಂತೆಯೂ ಹಜ್ಜ್‌ನೊಂದಿಗೆ ಉಮ್ರಾವನ್ನೂ ಸಂಕಲ್ಪಿಸುವಂತೆಯೂ ತಿಳಿಸಿದರೆಂದು ಅವರು ಅಕೀಕ್ ಕಣಿವೆಯಲ್ಲಿ ಹೇಳಿದುದನ್ನು ಹಝ್ರತ್ ಉಮರ್(ರ) ಕೇಳಿಸಿಕೊಂಡರು. ಇಮಾಮ್ ಬುಖಾರಿಯವರು ಈ ವರದಿಯನ್ನು ಹಜ್ಜ್‌ನ ಅಧ್ಯಾಯದಲ್ಲಿ ದಾಖಲಿಸಿದ್ದಾರೆ.

ಇಂದು ನಮ್ಮ ಊರುಗಳಿಂದ ಮದೀನಾಕ್ಕೆ ಹೋಗಿ ಅಲ್ಲಿಂದ ಉಮ್ರಾಕ್ಕೆ ಹೊರಡುವವರು ಇದೇ ದುಲ್‌ಹುಲೈಫಾದಲ್ಲಿ, ಅಂದರೆ ಈಗ ಅಬ್‌ಯಾರ್ ಅಲೀ ಎಂದು ಕರೆಯಲ್ಪಡುವ ಸ್ಥಳದಲ್ಲಿ, ಇಹ್ರಾಮ್ ಧರಿಸುತ್ತಾರೆ. ಬಸ್ಸು ನಿಲ್ಲುತ್ತದೆ, ಎರಡು ರಕಅತ್ ನಮಾಝ್ ಆಗುತ್ತದೆ, ತಲ್ಬಿಯ ಮೊಳಗುತ್ತದೆ, ಬಸ್ಸು ಹೊರಡುತ್ತದೆ. ತಾವು ನಿಂತಿದ್ದುದು ಒಂದು ಜಲಮಾರ್ಗದ ಪಕ್ಕದಲ್ಲಿ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬರುವುದಾದರೂ ಹೇಗೆ? ಅಲ್ಲಿ ನೀರು ಕಾಣಿಸುವುದಿಲ್ಲ.

ಇಲ್ಲಿ ಭಾಷೆಯ ಒಂದು ತೊಡಕೂ ಇದೆ. ಅರಬಿಯ 'ವಾದಿ' ಎಂಬ ಪದವನ್ನು ನಾವು ಕನ್ನಡದಲ್ಲಿ ಕಣಿವೆ ಎನ್ನುತ್ತೇವೆ. ಕಣಿವೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಎರಡು ಬೆಟ್ಟಗಳ ನಡುವಿನ ಹಸಿರು, ಅದರ ತಳದಲ್ಲಿ ಹರಿಯುವ ಹೊಳೆ. ಸದಾ ಹರಿಯುವ ನದಿಗೆ ಅರಬಿಯಲ್ಲಿ 'ನಹ್ರ್' ಎಂಬ ಬೇರೆಯೇ ಪದವಿದೆ. ಹಿಜಾಝಿನಲ್ಲಿ ಅಂಥ ನದಿ ಒಂದೂ ಇಲ್ಲ. ವಾದಿ ಎಂದರೆ ಮಳೆ ಬಂದಾಗ ಮಾತ್ರ ತುಂಬಿ ಹರಿಯುವ, ಉಳಿದ ದಿನಗಳಲ್ಲಿ ಮರಳು ಮತ್ತು ಕಲ್ಲುಗಳ ಬರಿದಾದ ಪಾತ್ರ. ನಮ್ಮ ಬಯಲುಸೀಮೆಯವರು ಹೇಳುವ 'ಹಳ್ಳ' ಅದಕ್ಕೆ ಹೆಚ್ಚು ಸಮೀಪದ ಪದವೆಂದು ನನಗನಿಸುತ್ತದೆ. ಪವಿತ್ರ ಕುರ್‌ಆನಿನ ಸೂರಃ ಅರ್ರಅದ್‌ನಲ್ಲಿ ಆಕಾಶದ ನೀರಿನಿಂದ ಕಣಿವೆಗಳು ತಂತಮ್ಮ ಅಳತೆಗೆ ತಕ್ಕಂತೆ ಹರಿಯುವುದರ ಮತ್ತು ಪ್ರವಾಹವು ಹೊತ್ತು ತರುವ ನೊರೆಯ ಉಪಮೆಯಿದೆಯಲ್ಲ, ಅದನ್ನು ಮೊದಲು ಆಲಿಸಿದವರ ಕಣ್ಣೆದುರು ಇದ್ದುದು ಇಂಥ ವಾದಿಗಳೇ.

ಅಕೀಕ್ ದಕ್ಷಿಣದಿಂದ ಬರುತ್ತದೆ. ಅದರ ಮೇಲ್ಭಾಗದಲ್ಲಿ ನಕೀಅ್ ಎಂಬ ವಿಶಾಲ ಹುಲ್ಲುಗಾವಲು ಇತ್ತು; ಪ್ರವಾದಿವರ್ಯರು(ಸ) ಅದನ್ನು ಮುಸ್ಲಿಮರ ಕುದುರೆಗಳಿಗಾಗಿ ಹಿಮಾ, ಅಂದರೆ ಕಾಯ್ದಿಟ್ಟ ಗೋಮಾಳವನ್ನಾಗಿ ಮಾಡಿದ್ದರು. ಅಲ್ಲಿಂದ ಉತ್ತರಕ್ಕೆ ಇಳಿಯುವ ಪಾತ್ರವು ಐರ್ ಪರ್ವತವನ್ನು ದಾಟಿ ದುಲ್‌ಹುಲೈಫಾಕ್ಕೆ ಬರುತ್ತದೆ. ಆಮೇಲೆ ಒಂದು ಬದಿಯಲ್ಲಿ ಮದೀನಾದ ಪಶ್ಚಿಮದ ಕಪ್ಪು ಶಿಲಾಭೂಮಿ, ಇನ್ನೊಂದು ಬದಿಯಲ್ಲಿ ಜಮ್ಮಾ ಬೆಟ್ಟಗಳು. ಇವುಗಳ ನಡುವೆ ಸಾಗಿ ನಗರದ ವಾಯವ್ಯಕ್ಕೆ ಝಗಾಬಾ ಎಂಬಲ್ಲಿ ಬುತ್‌ಹಾನ್ ಮತ್ತು ಕನಾತ್ ಎಂಬ ಇನ್ನೆರಡು ವಾದಿಗಳನ್ನು ಕೂಡುತ್ತದೆ. ಕೂಡಿದ ನೀರು ಇದಮ್ ಎಂಬ ಹೆಸರು ಪಡೆದು, ವಾದಿಲ್ ಹಮ್ದ್ ಮೂಲಕ ಕೆಂಪು ಸಮುದ್ರದತ್ತ ಮುಖಮಾಡುತ್ತದೆ.

ಅಕೀಕ್ ಎಂಬ ಹೆಸರಿನ ಮೂಲ ಸೀಳುವುದು ಎಂಬರ್ಥದ ಧಾತು. ಪ್ರವಾಹವು ನೆಲವನ್ನು ಸೀಳಿ ಮಾಡಿದ ಪಾತ್ರವೇ ಅಕೀಕ್. ಆದ್ದರಿಂದ ಅರೇಬಿಯದಲ್ಲಿ ಈ ಹೆಸರಿನ ಕಣಿವೆಗಳು ಹಲವಿವೆ. ಇರಾಕಿನ ದಿಕ್ಕಿನಿಂದ ಬರುವವರ ಮೀಕಾತಿನ ಚರ್ಚೆಯಲ್ಲಿ ಬರುವ ಅಕೀಕ್ ಬೇರೆ, ಇದು ಬೇರೆ. ಉಂಗುರದಲ್ಲಿ ಧರಿಸುವ ಕೆಂಪು ಕಲ್ಲಿಗೂ ಅಕೀಕ್ ಎಂದೇ ಹೆಸರು. ಅಕೀಕಿನ ಉಂಗುರ ಧರಿಸಿರಿ, ಅದು ಅನುಗ್ರಹೀತ ಎಂಬರ್ಥದ ಮಾತೊಂದನ್ನು ಹದೀಸ್ ಎಂದು ಹೇಳಿ ಕಲ್ಲು ಮಾರುವವರಿದ್ದಾರೆ. ಹದೀಸ್ ವಿದ್ವಾಂಸರು ಅದನ್ನು ಪ್ರಬಲವೆಂದು ಒಪ್ಪಿಲ್ಲ. ಅಕೀಕಿನಲ್ಲಿ ಡೇರೆ ಹಾಕಿರಿ ಎಂಬ ಮಾತೇ ಲಿಪಿಕಾರರ ಕೈಯಲ್ಲಿ ಉಂಗುರ ಧರಿಸಿರಿ ಎಂದಾಯಿತೆಂದು ಹಮ್ಝಾ ಅಲ್‌ಇಸ್ಫಹಾನಿ ಎಂಬ ಪ್ರಾಚೀನ ಭಾಷಾವಿದ್ವಾಂಸರು ಅಭಿಪ್ರಾಯಪಟ್ಟಿದ್ದರು. ಅರಬಿ ಲಿಪಿಯಲ್ಲಿ ಆ ಎರಡು ಪದಗಳ ನಡುವಿನ ಅಂತರ ಕೆಲವು ಚುಕ್ಕೆಗಳದ್ದು ಮಾತ್ರ. ಅನುಗ್ರಹೀತವೆಂದು ದೃಢ ವರದಿಯಲ್ಲಿ ಬಂದಿರುವುದು ಕಣಿವೆ, ಕಲ್ಲಲ್ಲ.

ಮದೀನಾದಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 60 ಮಿ.ಮೀ. ನಮ್ಮ ಕರಾವಳಿಯಲ್ಲಿ ಆಷಾಢದ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಆದರೆ ಆ ಅಲ್ಪ ಮಳೆಯೂ ಹದವಾಗಿ ಬೀಳುವುದಿಲ್ಲ. ಕೆಲವು ಗಂಟೆಗಳಲ್ಲಿ ಒಟ್ಟಿಗೆ ಸುರಿಯುತ್ತದೆ. ಮದೀನಾದ ಸುತ್ತಲಿರುವುದು 'ಹರ್ರಾ', ಅಂದರೆ ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಂಡೆಗಳ ಭೂಮಿ. ನೀರನ್ನು ಹಿಡಿದಿಡುವ ಮಣ್ಣು ಅದರ ಮೇಲೆ ಕಡಿಮೆ. ಹಾಗಾಗಿ ಇಳಿಜಾರುಗಳಿಂದ ಜಾರಿದ ನೀರು ಒಮ್ಮೆಲೇ ವಾದಿಗೆ ಬಂದು ಸೇರುತ್ತದೆ, ಕಲ್ಲು ಮರಳುಗಳನ್ನು ಉರುಳಿಸಿಕೊಂಡು ಹೋಗುತ್ತದೆ. ದುಲ್‌ಹುಲೈಫಾದ ಬಳಿ ಪ್ರವಾದಿವರ್ಯರು(ಸ) ನಮಾಝ್ ಮಾಡಿದ್ದ ಒಂದು ಸ್ಥಳವನ್ನು ಹಝ್ರತ್ ಅಬ್ದುಲ್ಲಾಹ್ ಇಬ್ನು ಉಮರ್(ರ) ಹುಡುಕಿ ಹುಡುಕಿ ಅಲ್ಲಿಯೇ ನಮಾಝ್ ಮಾಡುತ್ತಿದ್ದರು. ಆ ಸ್ಥಳವನ್ನೂ ಪ್ರವಾಹವು ಕಲ್ಲುಮರಳಿನಿಂದ ಮುಚ್ಚಿಬಿಟ್ಟಿತೆಂದು ಬುಖಾರಿಯ ವರದಿಯಲ್ಲೇ ಇದೆ.

ಪ್ರವಾಹ ಇಳಿದ ಮೇಲೆ ಉಳಿಯುವುದು ಮರಳಿನಡಿ ಇಂಗಿದ ನೀರು. ಮದೀನಾದ ಬಾವಿಗಳೂ ಖರ್ಜೂರದ ತೋಟಗಳೂ ಬದುಕಿದ್ದು ಅದರಿಂದ. ಹಝ್ರತ್ ಉಸ್ಮಾನ್(ರ) ಕೊಂಡು ಮುಸ್ಲಿಮರಿಗೆಲ್ಲ ಮುಕ್ತಗೊಳಿಸಿದ ರೂಮಾ ಬಾವಿ ಇರುವುದೂ ಅಕೀಕಿನ ಕೆಳಭಾಗದಲ್ಲಿಯೇ. ಇಂಥ ನಾಡಿನಲ್ಲಿ ನೀರು ಬಂದ ದಿನವೇ ಜಗಳದ ದಿನವೂ ಆಗಬಲ್ಲದು. ಮೇಲಿನ ತೋಟದವನು ಕಟ್ಟೆ ಹಾಕಿಕೊಂಡರೆ ಕೆಳಗಿನವನಿಗೆ ಮುಂದಿನ ಮಳೆಯವರೆಗೆ ಏನೂ ಇಲ್ಲ.

ಅಂಥ ಒಂದು ಜಗಳ ಪ್ರವಾದಿವರ್ಯರ(ಸ) ಬಳಿಗೆ ಬಂತು. ಹರ್ರಾದಿಂದ ಇಳಿಯುವ ನೀರಿನ ಕಾಲುವೆ. ಮೇಲ್ಗಡೆ ಹಝ್ರತ್ ಝುಬೈರ್ ಇಬ್ನುಲ್ ಅವ್ವಾಮ್‌ರ(ರ) ಖರ್ಜೂರದ ಮರಗಳು, ಕೆಳಗಡೆ ಅನ್ಸಾರರೊಬ್ಬರ ತೋಟ. ನೀರನ್ನು ತಡೆಯದೆ ಹರಿಯಬಿಡಬೇಕೆಂದು ಅನ್ಸಾರಿ ಕೇಳಿದರು, ಝುಬೈರ್(ರ) ಒಪ್ಪಲಿಲ್ಲ. ತನ್ನ ಮರಗಳಿಗೆ ಉಣಿಸಿ ಬಳಿಕ ನೆರೆಯವನಿಗೆ ಬಿಡುವಂತೆ ಪ್ರವಾದಿ(ಸ) ಝುಬೈರ್‌ರಿಗೆ ಹೇಳಿದರು. ಅದು ಪೂರ್ಣ ಹಕ್ಕಿನ ತೀರ್ಪಲ್ಲ, ಇಬ್ಬರಿಗೂ ಅನುಕೂಲವಾಗುವ ರಾಜಿಯ ದಾರಿ. ಆದರೆ ಆ ಅನ್ಸಾರಿ, ಝುಬೈರ್ ತಮ್ಮ ಅತ್ತೆಯ ಮಗನಾದುದರಿಂದ ಹೀಗೆ ಹೇಳುತ್ತೀರಿ ಎಂಬಂತೆ ಮಾತಾಡಿದರು. ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಯಿತು. ಆಗ ಅವರು ಝುಬೈರ್‌ರಿಗೆ ಅವರ ಹಕ್ಕನ್ನು ಪೂರ್ಣವಾಗಿ ಕೊಟ್ಟರು: ಪಾತಿಯ ಬದುವಿನವರೆಗೆ ನೀರು ತುಂಬುವ ತನಕ ತಡೆಹಿಡಿ, ಆಮೇಲೆ ಬಿಡು ಎಂಬ ತೀರ್ಪು ನೀಡಿದರು. ಸೂರಃ ಅನ್ನಿಸಾದ 65ನೇ ಸೂಕ್ತ ಈ ಪ್ರಸಂಗದಲ್ಲೇ ಅವತೀರ್ಣವಾಯಿತೆಂದು ಝುಬೈರ್(ರ) ಭಾವಿಸಿದ್ದರು.

ಬದುವಿನ ಎತ್ತರ ಎಷ್ಟು? ಜನರು ಅದನ್ನು ಅಳೆದು ಕಾಲಿನ ಹರಡುಗಂಟಿನವರೆಗೆ ಎಂದು ನಿಗದಿಪಡಿಸಿಕೊಂಡರು. ಮದೀನಾದ ಮಹ್‌ಝೂರ್ ಮತ್ತು ಮುದೈನಿಬ್ ಎಂಬ ಎರಡು ವಾದಿಗಳ ನೀರಿನ ವಿಷಯದಲ್ಲೂ ಇದೇ ತೀರ್ಪು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ: ಮೇಲಿನವನು ಹರಡುಗಂಟಿನವರೆಗೆ ನಿಲ್ಲಿಸಬಹುದು, ನಂತರ ಕೆಳಗಿನವನಿಗೆ ಬಿಡಲೇಬೇಕು. ವುಝೂವಿನಲ್ಲಿ ನಾವು ಕಾಲು ತೊಳೆಯುವ ಮಿತಿಯೂ ಅದೇ ಗಂಟು. ಅಳೆಯಲು ಕೋಲು ಬೇಡ, ಸಾಕ್ಷಿ ಬೇಡ; ತೋಟದೊಳಗೆ ಕಾಲಿಟ್ಟರೆ ಸಾಕು. ಮೇಲಿನವನಿಗೆ ಮೊದಲ ಹಕ್ಕು ಇದೆ, ಆದರೆ ನೀರೆಲ್ಲ ಅವನದಲ್ಲ. ಫಿಕ್‌ಹ್ ಗ್ರಂಥಗಳ ನೀರಾವರಿ ಅಧ್ಯಾಯಗಳು ಬೆಳೆದುದು ಈ ತೀರ್ಪುಗಳ ತಳಹದಿಯ ಮೇಲೆ.

ನೀರಿನಂತೆಯೇ ನೆಲ. ಪ್ರವಾದಿವರ್ಯರು(ಸ) ಅಕೀಕನ್ನು ಹಝ್ರತ್ ಬಿಲಾಲ್ ಇಬ್ನುಲ್ ಹಾರಿಸ್ ಅಲ್‌ಮುಝನಿ(ರ) ಅವರಿಗೆ ದಾನವಾಗಿ ನೀಡಿದ್ದರು. (ಅಝಾನ್ ಕೊಡುತ್ತಿದ್ದ ಬಿಲಾಲ್ ಇವರಲ್ಲ, ಮುಝೈನಾ ಗೋತ್ರದ ಬೇರೊಬ್ಬ ಸಹಾಬಿ.) ಹಝ್ರತ್ ಉಮರ್‌ರ(ರ) ಖಿಲಾಫತ್ ಬಂದಾಗ ಆ ವಿಶಾಲ ಕಣಿವೆಯ ಬಹುಭಾಗ ಬೀಳು ಬಿದ್ದಿತ್ತು, ಮದೀನಾದಲ್ಲಿ ಜನಸಂಖ್ಯೆ ಹೆಚ್ಚಿತ್ತು. ಉಮರ್(ರ) ಬಿಲಾಲ್‌ರನ್ನು ಕರೆಸಿ, ಪ್ರವಾದಿ(ಸ) ಇದನ್ನು ನಿಮಗೆ ಕೊಟ್ಟದ್ದು ದುಡಿಯುವುದಕ್ಕೇ ಹೊರತು ಜನರಿಂದ ತಡೆದಿಡುವುದಕ್ಕಲ್ಲ ಎಂಬರ್ಥದಲ್ಲಿ ಹೇಳಿದರು. ಸಾಗುವಳಿ ಮಾಡಲು ಸಾಧ್ಯವಿರುವಷ್ಟನ್ನು ಇಟ್ಟುಕೊಂಡು ಉಳಿದುದನ್ನು ಮರಳಿಸುವಂತೆ ಸೂಚಿಸಿದರು. ಬಿಲಾಲ್(ರ) ಮೊದಲು ಒಪ್ಪಲಿಲ್ಲ. ಸ್ವತಃ ಪ್ರವಾದಿ(ಸ) ಕೊಟ್ಟ ಭೂಮಿಯದು. ಆದರೂ ಉಮರ್(ರ) ಅದನ್ನು ಪಡೆದು ಮುಸ್ಲಿಮರ ನಡುವೆ ಹಂಚಿದರು.

ಈ ಘಟನೆಯನ್ನು ನಾವು ಅವಸರದಲ್ಲಿ ಓದಬಾರದು. ಪ್ರವಾದಿಯ(ಸ) ಆಜ್ಞೆ ಎಂದರೆ ಉಮರ್(ರ) ಎಷ್ಟು ಕಟ್ಟುನಿಟ್ಟಿನವರೆಂದು ಎಲ್ಲರಿಗೂ ಗೊತ್ತು. ಅವರು ಆ ದಾನವನ್ನು ರದ್ದುಪಡಿಸಲಿಲ್ಲ. ಅದರ ಉದ್ದೇಶವನ್ನು ಎತ್ತಿಹಿಡಿದರು. ಬರಡು ನೆಲಕ್ಕೆ ಬೇಲಿ ಹಾಕಿ ಮೂರು ವರ್ಷ ಸುಮ್ಮನೆ ಬಿಟ್ಟವನಿಗೆ ಅದರ ಮೇಲೆ ಹಕ್ಕಿಲ್ಲ ಎಂಬ ನಿಯಮವೂ ಅವರಿಂದಲೇ ವರದಿಯಾಗಿದೆ. ಖಲೀಫಾ ಹಾರೂನ್ ರಶೀದ್‌ಗಾಗಿ ಇಮಾಮ್ ಅಬೂಯೂಸುಫ್ ಬರೆದ 'ಕಿತಾಬುಲ್ ಖರಾಜ್' ಅದನ್ನು ದಾಖಲಿಸಿದೆ.

ಹಂಚಿಕೆಯ ಬಳಿಕ ಅಕೀಕ್ ತೋಟಗಳ, ಬಾವಿಗಳ, ಭವನಗಳ ಸಾಲಾಯಿತು. ಹಝ್ರತ್ ಸಅದ್ ಇಬ್ನು ಅಬೀವಕ್ಕಾಸ್(ರ) ಕಲಹದ ದಿನಗಳಲ್ಲಿ ರಾಜಕೀಯದಿಂದ ದೂರ ಸರಿದು ಇಲ್ಲಿಯೇ ನೆಲೆಸಿದರು. ಒಮ್ಮೆ ಗುಲಾಮನೊಬ್ಬ ಅಲ್ಲಿ ಮರ ಕಡಿಯುವುದನ್ನು ಕಂಡು ಅವನ ಬಳಿಯಿದ್ದುದನ್ನು ಕಿತ್ತುಕೊಂಡರು. ಮದೀನಾದ ಹರಮ್‌ನಲ್ಲಿ ಮರ ಕಡಿಯುವುದು ನಿಷಿದ್ಧ. ಒಡೆಯರು ಬಂದು ಬೇಡಿದರೂ ಹಿಂದಿರುಗಿಸಲಿಲ್ಲವೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ಅಕೀಕ್‌ನಲ್ಲಿಯೇ ನಿಧನರಾದರು. ಜನರು ಅವರನ್ನು ಹೆಗಲ ಮೇಲೆ ಹೊತ್ತು ಮದೀನಾಕ್ಕೆ ತಂದು ಬಕೀಅ್‌ನಲ್ಲಿ ದಫನ ಮಾಡಿದರು. ಝುಬೈರ್‌ರ(ರ) ಪುತ್ರ, ಮದೀನಾದ ಏಳು ಫಕೀಹ್‌ಗಳಲ್ಲೊಬ್ಬರಾದ ಉರ್ವಾ ಕೂಡ ಇಲ್ಲಿ ಭವನ ಕಟ್ಟಿ ಬಾವಿ ತೋಡಿಸಿದರು; ಆ ಬಾವಿಯ ಸಿಹಿನೀರು ದೂರದೂರದವರೆಗೆ ಹೆಸರಾಗಿತ್ತು. ಅವರ ಭವನದ ಅವಶೇಷ ದುಲ್‌ಹುಲೈಫಾಕ್ಕೆ ಹೋಗುವ ದಾರಿಯಲ್ಲಿ ಇಂದಿಗೂ ಇದೆ. ತಂದೆಯ ಕಾಲುವೆ ಜಗಳದ ಹದೀಸನ್ನು ನಮಗೆ ತಲುಪಿಸಿದವರೂ ಇದೇ ಉರ್ವಾ.

ನೀರಿಲ್ಲದ ವಾದಿಯನ್ನು ಮರೆತು ಮನೆ ಕಟ್ಟುವ ಚಾಳಿ ಹಳೆಯದು. ಉಸ್ಮಾನ್‌ರ(ರ) ಕಾಲದಲ್ಲಿ ಮಹ್‌ಝೂರ್ ಉಕ್ಕಿ ಮದೀನಾ ಮುಳುಗುವ ಭೀತಿ ಬಂದಾಗ ಅವರು ಒಡ್ಡು ಕಟ್ಟಿಸಿದರು. ಹಿಜರಿ 156ರಲ್ಲಿ, ಅಬ್ಬಾಸಿ ಖಲೀಫಾ ಮನ್ಸೂರ್‌ನ ಕಾಲದಲ್ಲಿ, ಅದೇ ವಾದಿ ಮತ್ತೆ ಭೀಕರವಾಗಿ ಬಂತು. ಜನರು ಹೊರಟರು, ಆದರೆ ನೀರನ್ನು ಎತ್ತ ತಿರುಗಿಸುವುದೆಂದು ಯಾರಿಗೂ ತಿಳಿಯಲಿಲ್ಲ. ಮೇಲ್ಮದೀನಾದ ಒಬ್ಬ ವೃದ್ಧೆ, ತಾನು ಹಿರಿಯರಿಂದ ಕೇಳಿದ್ದ ಒಂದು ಜಾಗವನ್ನು ತೋರಿಸಿದಳೆಂದು ಇತಿಹಾಸಕಾರ ಬಲಾದುರಿ ಬರೆಯುತ್ತಾರೆ. ಅಲ್ಲಿ ಅಗೆದಾಗ ಮುಚ್ಚಿಹೋಗಿದ್ದ ಹಳೆಯ ಕಾಲುವೆ ಸಿಕ್ಕಿತು. ನೀರು ಅದರೊಳಗೆ ನುಗ್ಗಿ ಬುತ್‌ಹಾನ್ ಸೇರಿತು. ಅಲ್ಲಿಂದ ಕೆಳಗೆ ಝಗಾಬಾಕ್ಕೆ, ಅಕೀಕಿನ ನೀರು ಬಂದು ಕೂಡುವಲ್ಲಿಗೆ, ಅದರ ದಾರಿ.