‘ಉದಯವಾಗಲಿ’ ಗೀತೆಯ ಹುಟ್ಟು

ರಾಜ್ಯೋತ್ಸವದ ವೇದಿಕೆಗಳಲ್ಲಿ ಹಾಡುವ ‘ಉದಯವಾಗಲಿ’ ಗೀತೆಯ ಕ್ರಿಯಾಪದ ವಿಧ್ಯರ್ಥದಲ್ಲಿದೆ. ಇನ್ನೂ ಕೈಗೂಡದುದನ್ನು ಹಾರೈಸುವ ಮಾತು ಅದು. ಹಾಡು ಹುಟ್ಟಿದ ನೆಲವನ್ನು ಬಲ್ಲವರಿಗೆ ಈ ಹಾರೈಕೆಯ ತೀವ್ರತೆ ತಿಳಿಯುತ್ತದೆ.

ಗೀತೆಯ ಕರ್ತೃ ಹುಯಿಲಗೋಳ ನಾರಾಯಣರಾಯರು (1884–1971) ಗದುಗಿನವರು. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಾಟಕಕಾರರು. ಅವರ ಕಾಲಕ್ಕೆ ಗದಗ-ಬೆಟಗೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿಂದ ದಕ್ಷಿಣಕ್ಕೆ ಹೊರಟು ಶಿರಹಟ್ಟಿಯನ್ನು ಮುಟ್ಟಿದವನು ಸಾಂಗಲಿ ಸಂಸ್ಥಾನವನ್ನು ಹೊಕ್ಕಂತೆ. ಅದರ ನೆರೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯೇನೋ ಮುಂಬಯಿಯದೇ, ಆದರೆ ಅದರಾಚೆ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ ಮದರಾಸು ಪ್ರಾಂತದಲ್ಲಿತ್ತು. ಮೂಡಲ ದಿಕ್ಕಿನ ಕೊಪ್ಪಳ ಹೈದರಾಬಾದಿನ ನಿಜಾಮರದು. ಒಂದೆರಡು ದಿನದ ಕಾಲುನಡಿಗೆಯಲ್ಲಿ ಐದು ಆಡಳಿತಗಳು!

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನೇ ಕನ್ನಡದ ತಿರುಳೆಂದು ಗುರುತಿಸಿತು. ಪಂಪನೂ 941ರ ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ತಿರುಳ್ಗನ್ನಡವನ್ನೇ ಆಧಾರವಾಗಿ ಹೇಳಿಕೊಂಡನು. ಆ ಪುಲಿಗೆರೆಯೇ ಲಕ್ಷ್ಮೇಶ್ವರ, ಶರಣ ಆದಯ್ಯನ ಊರು. ಆ ಕೊಪಣವೇ ಕೊಪ್ಪಳ. ತಿರುಳೇ ಹಲವರ ಪಾಲಾಗಿದ್ದ ಕಾಲದಲ್ಲಿ ಆ ತಿರುಳಿನ ನೆಲದಲ್ಲೇ ಬಾಳಿದ ಕವಿ ನಾರಾಯಣರಾಯರು. ಗೀತೆಯು ಪುರಾಣಪುರುಷರನ್ನೂ ಕೃಷ್ಣೆ-ಭೀಮೆಯರನ್ನೂ ಜಕ್ಕಣನ ಶಿಲ್ಪವನ್ನೂ ಸ್ಮರಿಸುವುದರಿಂದ ಅದನ್ನು ಗತವೈಭವದ ವರ್ಣನೆಯೆಂದು ಮಾತ್ರ ಓದುವ ರೂಢಿಯುಂಟು. ಅಷ್ಟು ಸಾಲದು. ಹಳೆಯ ಹೆಸರುಗಳನ್ನು ಕವಿ ಒಟ್ಟುಗೂಡಿಸಿದ್ದು, ಬೇರೆ ಬೇರೆ ಕಚೇರಿಗಳಿಗೆ ಕಂದಾಯ ಕಟ್ಟುತ್ತಿದ್ದ ಜನಕ್ಕೆ ತಾವು ಒಂದೇ ಮನೆಯವರೆಂದು ತೋರಿಸಲಿಕ್ಕಾಗಿ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ ಈ ಗೀತೆಯನ್ನು ಹಾಡಲಾಯಿತು. ಅಧಿವೇಶನದ ನಗರಕ್ಕೆ ವಿಜಯನಗರವೆಂದೂ, ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟಿದ್ದರು. ಏಕೀಕರಣ ಪರಿಷತ್ತೂ ಅದೇ ಸಂದರ್ಭದಲ್ಲಿ ಸಿದ್ಧಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿತು. ಅಲ್ಲಿಂದ ಮುಂದೆ ಹಾಡು ಚಳವಳಿಯ ಸಭೆಗಳಿಗೆ ನಡೆಯಿತು.

ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂಸ್ಥಾನದ ಗಡಿ 1948ರ ವಿಲೀನದಿಂದ ಅಳಿಯಿತು. ಹಡಗಲಿ 1953ರಲ್ಲಿ ಮೈಸೂರನ್ನು ಸೇರಿತು. ಉಳಿದವೆಲ್ಲ 1956ರ ನವೆಂಬರ್ 1ರಂದು ಒಂದಾದವು. ಕವಿ ಅದನ್ನು ಕಣ್ಣಾರೆ ಕಂಡರು. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದ 1973ನ್ನು ಮಾತ್ರ ಕಾಣಲಿಲ್ಲ. 2004ರಲ್ಲಿ ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆಯಾಯಿತು. ನಾರಾಯಣರಾಯರ ಹಾಡು ಯಾವ ಆದೇಶದ ಬಲವೂ ಇಲ್ಲದೆ ಉತ್ಸವಗಳಲ್ಲಿ ಉಳಿದಿದೆ, ಅದೇ ‘ಆಗಲಿ’ಯೊಡನೆ.