ಶಿಷ್ಯನ ಊರಿಗೆ ಬಂದ ಗುರು

ವಿದ್ಯೆ ಬೇಕಾದರೆ ಶಿಷ್ಯನೇ ಗುರುವಿನ ಮನೆಗೆ ಹೋಗಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಕಣ್ಣಿನ ಶಸ್ತ್ರವೈದ್ಯದಲ್ಲಿ ಈ ಪದ್ಧತಿ ತಿರುವುಮುರುವಾದ ಕಥೆ ಸ್ವಾರಸ್ಯವಾಗಿದೆ.

ನೇತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರೂ ಕಲಿಕೆ ಮುಗಿಯುವುದಿಲ್ಲ. ಹೊಸ ವಿಧಾನಗಳು ಬರುತ್ತಲೇ ಇರುತ್ತವೆ. 1970ರ ದಶಕದಲ್ಲಿ ಬಡ ದೇಶಗಳ ವೈದ್ಯರಿಗೆ ಅಮೆರಿಕಕ್ಕೆ ಹೋಗಿ ಕಲಿಯಲು ಹಣದ ಅಡಚಣೆ. ಹೇಗೋ ಹೋದರೂ ಅಲ್ಲಿನ ಪರವಾನಗಿ ಕಾಯಿದೆಯಿಂದಾಗಿ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ನಿಂತು ನೋಡಬೇಕು, ಅಷ್ಟೆ. ಇದನ್ನು ಮನಗಂಡವರು ಆಗ ಟೆಕ್ಸಾಸಿನಲ್ಲಿದ್ದ ನೇತ್ರತಜ್ಞ ಡಾ. ಡೇವಿಡ್ ಪೇಟನ್. ಯುನೈಟೆಡ್ ಏರ್‌ಲೈನ್ಸ್ ದಾನವಿತ್ತ ಡಿ.ಸಿ.-8 ವಿಮಾನವೇ ಆಸ್ಪತ್ರೆಯಾಯಿತು. 1982ರಲ್ಲಿ 'ಆರ್ಬಿಸ್' ಸಂಸ್ಥೆಯ ಈ ವಿಮಾನ ಪನಾಮಾಕ್ಕೆ ಹಾರಿತು. ಒಂದು ಕೋಣೆಯಲ್ಲಿ ಶಸ್ತ್ರಚಿಕಿತ್ಸೆ. ಇನ್ನೊಂದರಲ್ಲಿ ಅದನ್ನು ಟೆಲಿವಿಷನ್ ಪರದೆಯ ಮೇಲೆ ನೋಡುತ್ತ, ಅಲ್ಲಿಂದಲೇ ಪ್ರಶ್ನೆ ಕೇಳುವ ಸ್ಥಳೀಯ ವೈದ್ಯರು.

ಆದರೆ ವಿಮಾನ ಒಂದು ಊರಿನಲ್ಲಿ ನಿಲ್ಲುವುದು ಕೆಲವೇ ವಾರ. ಅದು ಹೊರಟುಹೋದ ಮೇಲೆ ಸಂದೇಹ ಬಂದರೆ? ಇದಕ್ಕೆ ಉತ್ತರವಾಗಿ ಅದೇ ಸಂಸ್ಥೆ 2003ರಲ್ಲಿ 'ಸೈಬರ್‌ಸೈಟ್' ಆರಂಭಿಸಿತು. ರೋಗಿಯ ಕಣ್ಣಿನ ಚಿತ್ರ, ವಿವರಗಳನ್ನು ಅಂತರ್ಜಾಲದಲ್ಲಿ ಕಳುಹಿಸಿದರೆ ದೂರದ ತಜ್ಞರು ಸಲಹೆ ಕೊಡುತ್ತಾರೆ. ಉಪನ್ಯಾಸಗಳೂ ಉಂಟು, ಶುಲ್ಕವಿಲ್ಲ. 2020ರ ಕೋವಿಡ್ ಕಾಲದಲ್ಲಿ ವಿಮಾನ ನೆಲಕ್ಕೆ ನಿಂತಾಗಲೂ ಪಾಠ ನಿಲ್ಲಲಿಲ್ಲ.

ಹಾಗೆಂದು ಪರದೆ ನೋಡಿದವರೆಲ್ಲ ಶಸ್ತ್ರವೈದ್ಯರಾಗಲಾರರು. ರೋಗನಿರ್ಣಯವನ್ನು ದೂರದಿಂದ ಕಲಿಯಬಹುದು. ಕೈಯ ಹದ ಮಾತ್ರ ಕೃತಕ ಕಣ್ಣಿನ ಮೇಲೆ ಪಳಗಿ, ಬಳಿಕ ಹಿರಿಯರ ಎದುರಿನಲ್ಲೇ ಬರಬೇಕು. ನಮ್ಮ ತಾಯಿಯ ಕಣ್ಣಿನ ಪೊರೆ ತೆಗೆದ ದಿನ ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಬೇಡಿಕೊಂಡದ್ದೂ ಇಷ್ಟೇ: ಒಳಗಿರುವವರ ಕೈ ಪಳಗಿರಲಿ.