ನೆಲಬಿಟ್ಟ ಬೆಂಕಿ: ಬಿಡಾರದ ಒಲೆಯ ಚರಿತ್ರೆಯಲ್ಲಿ ಒಂದು ತಿರುವು

ಬಯಲಿನಲ್ಲಿ ಬಿಡಾರ ಹೂಡುವವರು ಜೊತೆಯಲ್ಲಿ ಒಯ್ಯುವ ಕಾಲುಳ್ಳ ಬೆಂಕಿತಟ್ಟೆಗೆ, ಅಂದರೆ ಕಟ್ಟಿಗೆಯ ಬೆಂಕಿಯನ್ನು ನೆಲಕ್ಕೆ ತಾಗಗೊಡದೆ ಗೇಣಿನಷ್ಟು ಮೇಲೆ ಹಿಡಿದಿಡುವ ಲೋಹದ ತಟ್ಟೆಗೆ ಅಥವಾ ಬುಟ್ಟಿಗೆ, ಎರಡು ಬೇರೆ ಬೇರೆ ಮೂಲಗಳಿವೆ. ಮೊದಲನೆಯದು ಬಹಳ ಹಳೆಯದು. ಅಲ್ಲಿ ಬೆಂಕಿಯನ್ನು ಎತ್ತಿ ಹಿಡಿದದ್ದು ಮನೆಯ ನೆಲವನ್ನು ಉಳಿಸಲು, ಉರುವಲನ್ನು ಮಿಗಿಸಲು, ಕಾವನ್ನು ಬೇಕಾದ ಕಡೆಗೆ ಒಯ್ಯಲು. ಎರಡನೆಯದು 20ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಕೊಲೊರಾಡೊ ನದಿಯ ದಂಡೆಗಳಲ್ಲಿ ಬಲಗೊಂಡದ್ದು. ಅಲ್ಲಿ ಬೆಂಕಿ ಮೇಲೆದ್ದದ್ದು ಮನುಷ್ಯನ ಅನುಕೂಲಕ್ಕಾಗಿ ಅಲ್ಲ, ಕೆಳಗಿನ ನೆಲದ ರಕ್ಷಣೆಗಾಗಿ. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಸಾಧನವಾಗಿರುವುದರಿಂದ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಇಂದು ಅಂಥದೊಂದನ್ನು ಕೊಳ್ಳುವವನು ಅಥವಾ ತಾನೇ ಮಾಡಿಕೊಳ್ಳುವವನು ಏನನ್ನು ಗಮನಿಸಬೇಕು ಎಂಬುದು ಈ ಎರಡನೆಯ ಚರಿತ್ರೆಯನ್ನು ತಿಳಿಯದೆ ಸ್ಪಷ್ಟವಾಗುವುದಿಲ್ಲ.

ಹಳೆಯ ಮೂಲದ ಉದಾಹರಣೆಗಳು ಹಲವು ನಾಡುಗಳಲ್ಲಿ ಸಿಗುತ್ತವೆ. ರೋಮನ್ನರು ಕಂಚಿನ ಕಾಲುಳ್ಳ ಕೆಂಡದ ಪಾತ್ರೆಯನ್ನು ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣದ ಫೋರಂ ಸ್ನಾನಗೃಹದಲ್ಲಿ ಮಾರ್ಕಸ್ ನಿಗಿಡಿಯಸ್ ವಕ್ಯುಲ ಎಂಬ ಶ್ರೀಮಂತ ತನ್ನ ಹಣದಿಂದ ಮಾಡಿಸಿಕೊಟ್ಟ ದೊಡ್ಡ ಕಂಚಿನ ಅಗ್ಗಿಷ್ಟಿಕೆ ದೊರೆತಿದ್ದು, ಆ ಕಾಲದಲ್ಲಿ ಇಂಥ ಸಾಧನ ಸಾರ್ವಜನಿಕ ಕಟ್ಟಡಕ್ಕೆ ದಾನ ಕೊಡುವಷ್ಟು ಗೌರವದ ವಸ್ತುವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿದೆ. ಕನ್ನಡ ನಾಡಿನ ಮನೆಗಳಲ್ಲಿ ಬಳಕೆಯಲ್ಲಿದ್ದ ಅಗ್ಗಿಷ್ಟಿಕೆಯೂ ಇದೇ ಜಾತಿಗೆ ಸೇರಿದ್ದು. ಇವುಗಳಲ್ಲಿ ಮುಖ್ಯವಾಗಿ ಉರಿಯುತ್ತಿದ್ದದ್ದು ಹಸಿ ಕಟ್ಟಿಗೆಯಲ್ಲ, ಹೊಗೆ ಕಡಿಮೆಯಿರುವ ಇದ್ದಿಲು. ಆದ್ದರಿಂದ ಇವನ್ನು ಮನೆಯೊಳಗೆ ಇಡಲು ಸಾಧ್ಯವಾಗುತ್ತಿತ್ತು, ಆದರೆ ಗಾಳಿಯಾಡದ ಕೋಣೆಯಲ್ಲಿ ಇದ್ದಿಲ ಅನಿಲದಿಂದ ಜೀವಾಪಾಯವೂ ಇತ್ತು.

ಬಿಡಾರದ ಅಡುಗೆಗೆ ಬಂದಾಗ, ಬೆಂಕಿಯನ್ನು ಲೋಹದ ಒಡಲಿನಲ್ಲಿ ಕೂಡಿಹಾಕುವ ವಿಚಾರಕ್ಕೆ ಗಟ್ಟಿಯಾದ ನೆಲೆ ಸಿಕ್ಕಿದ್ದು ಸೈನ್ಯದಲ್ಲಿ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಬಾಣಸಿಗನಾಗಿ ಹೆಸರಾಗಿದ್ದ ಫ್ರೆಂಚ್ ಮೂಲದ ಅಲೆಕ್ಸಿಸ್ ಸೋಯರ್ 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಗೆ ಹೋಗಿ, ಸೈನಿಕರ ಅಡುಗೆಗೆಂದು ತಗಡಿನ ಪೀಪಾಯಿಯಂಥ ಒಲೆಯೊಂದನ್ನು ಬಳಕೆಗೆ ತಂದ; ಅದರ ಕೆಳಭಾಗದಲ್ಲಿ ಬೆಂಕಿ, ಮೇಲ್ಭಾಗದಲ್ಲಿ ಬೇಯಿಸುವ ಹಂಡೆ, ಹೊಗೆ ಹೊರಹೋಗಲು ಒಂದು ಕೊಳವೆ. ತೆರೆದ ಬೆಂಕಿಯಲ್ಲಿ ಸಾವಿರ ಜನರ ಒಂದು ರೆಜಿಮೆಂಟಿಗೆ ದಿನಕ್ಕೆ 3,500 ಪೌಂಡು ಉರುವಲು ಬೇಕಾಗುತ್ತಿದ್ದರೆ ತನ್ನ ಇಪ್ಪತ್ತು ಒಲೆಗಳಿಗೆ 300 ಪೌಂಡು ಸಾಕು ಎಂದು ಸೋಯರ್ ಲೆಕ್ಕ ಹಾಕಿದ್ದ. ಮಳೆಯಲ್ಲೂ ಆರದ, ರಾತ್ರಿಯಲ್ಲಿ ಶತ್ರುವಿಗೆ ಬೆಳಕು ತೋರದ ಈ ಒಲೆ ಬ್ರಿಟಿಷ್ ಸೈನ್ಯದಲ್ಲಿ 20ನೇ ಶತಮಾನದಲ್ಲೂ ಮುಂದುವರಿಯಿತು. ಇಲ್ಲಿ ನೆಲದ ಕಾಳಜಿ ಎಲ್ಲೂ ಇಲ್ಲ. ಇಡೀ ಲೆಕ್ಕಾಚಾರ ಕಟ್ಟಿಗೆಯದು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಸೀಮೆಎಣ್ಣೆ ಸ್ಟೌ ಧ್ರುವ ಪ್ರದೇಶದ ಮತ್ತು ಪರ್ವತದ ಯಾತ್ರಿಕರನ್ನು ಕಟ್ಟಿಗೆಯ ಹಂಗಿನಿಂದಲೇ ಬಿಡಿಸಿತು, ಆದರೆ ಬೆಂಕಿಯ ಸುತ್ತ ಕೂರುವ ಬಯಕೆಯನ್ನು ಅದು ತೀರಿಸುವಂತಿರಲಿಲ್ಲ.

ಆ ಬಯಕೆಯನ್ನು ಒಂದು ಹವ್ಯಾಸವಾಗಿ ಬೆಳೆಸಿದ್ದು 19ನೇ ಶತಮಾನದ ಅಮೆರಿಕ. ವಿಲಿಯಂ ಮರ‍್ರಿ ಅಡಿರಾಂಡಾಕ್ ಕಾಡುಗಳ ಬಗ್ಗೆ 1869ರಲ್ಲಿ ಪ್ರಕಟಿಸಿದ ಪುಸ್ತಕ ನಗರವಾಸಿಗಳನ್ನು ಗುಂಪುಗುಂಪಾಗಿ ಬಿಡಾರಕ್ಕೆ ಹೊರಡಿಸಿತು; 1884ರಲ್ಲಿ ನೆಸ್‌ಮಕ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ‍್ಸ್, 1906ರಲ್ಲಿ ಹೊರೇಸ್ ಕೆಫಾರ್ಟ್ ಬರೆದ ಕೈಪಿಡಿಗಳು ಕೊಡಲಿಯಿಂದ ಮರ ಕಡಿದು, ದಿಮ್ಮಿ ಜೋಡಿಸಿ, ನೆಲದ ಮೇಲೆಯೇ ಬೆಂಕಿ ಹೂಡುವ ವಿದ್ಯೆಯನ್ನು ಕಲಿಸಿದವು. ಕಾಡು ಅಪಾರ, ಜನ ಕೆಲವರು ಎಂಬ ನಂಬಿಕೆಯ ಮೇಲೆ ಆ ವಿದ್ಯೆ ನಿಂತಿತ್ತು. ಅಂದಿನ ಮಟ್ಟಿಗೆ ಅದು ತಪ್ಪಾಗಿಯೂ ಇರಲಿಲ್ಲ. ಮುಂದೆ ಸ್ಕೌಟ್ ಚಳವಳಿಯಲ್ಲಿ ಎತ್ತರಿಸಿದ ಒಲೆಯೊಂದು ರೂಢಿಗೆ ಬಂದಿತು: ಗಳುಗಳನ್ನು ಹಗ್ಗದಿಂದ ಬಿಗಿದು ಸೊಂಟದೆತ್ತರದ ಅಟ್ಟ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಬೆಂಕಿ ಹೊತ್ತಿಸುವುದು. ಅಡುಗೆಯವನು ಬಗ್ಗಬೇಕಿಲ್ಲ, ಒದ್ದೆ ನೆಲದ ತೊಂದರೆಯಿಲ್ಲ ಎಂಬುದು ಅದರ ಮುಖ್ಯ ಗುಣ. ನೆಲ ಸುಡುವುದಿಲ್ಲ ಎಂಬ ಲಾಭ ತಾನಾಗಿಯೇ ಒದಗಿದರೂ, ಪ್ರತಿ ಬಿಡಾರಕ್ಕೂ ಹೊಸ ಗಳು ಬೇಕಾಗುವ ಈ ಒಲೆಯನ್ನು ಹೊತ್ತೊಯ್ಯುವಂತಿರಲಿಲ್ಲ.

ಎರಡನೆಯ ಚರಿತ್ರೆ ನಡೆದ ನದಿಯಲ್ಲಿ ಬಿಡಾರದ ಬೆಂಕಿ ಏನು ಮಾಡಬಲ್ಲದು ಎಂಬುದು ಮೊದಲ ಯಾತ್ರೆಯಲ್ಲೇ ಕಂಡಿತ್ತು. ಅಂತರ್ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಜಾನ್ ವೆಸ್ಲಿ ಪವೆಲ್ 1869ರ ಮೇ ತಿಂಗಳಲ್ಲಿ ಒಟ್ಟು ಹತ್ತು ಜನರ ತಂಡ ಮತ್ತು ನಾಲ್ಕು ದೋಣಿಗಳೊಂದಿಗೆ ವಯೋಮಿಂಗ್‌ನಿಂದ ಹೊರಟು ಗ್ರೀನ್ ನದಿ ಹಾಗೂ ಕೊಲೊರಾಡೊ ನದಿಗಳ ಕಮರಿಗಳನ್ನು ಹಾದುಹೋದ. ಜೂನ್ ತಿಂಗಳಲ್ಲಿ ಲೊಡೋರ್ ಕಮರಿಯ ದಂಡೆಯೊಂದರಲ್ಲಿ ಅಡುಗೆಗೆ ಹೊತ್ತಿಸಿದ ಬೆಂಕಿ ಸುಳಿಗಾಳಿಗೆ ಚೆದುರಿ ಒಣಗಿದ ಪೊದೆಗಳಿಗೆ ಹಬ್ಬಿ, ಇಡೀ ಬಿಡಾರವನ್ನು ಆವರಿಸಿತು. ಕೈಗೆ ಸಿಕ್ಕಿದ್ದನ್ನು ಹಿಡಿದು ಎಲ್ಲರೂ ದೋಣಿಗಳಿಗೆ ಓಡಬೇಕಾಯಿತು, ಅಡುಗೆಯವನ ತೋಳಿನಲ್ಲಿದ್ದ ಪಾತ್ರೆಪಡಗಗಳು ಅವನು ಎಡವಿದ್ದರಿಂದ ನೀರುಪಾಲಾದವು, ಮುಂದಿನ ಇಡೀ ಪಯಣದಲ್ಲಿ ತಟ್ಟೆ ಚಮಚಗಳಿಗೂ ಬರವಾಯಿತು. ಆ ಬೇಸಿಗೆಯ ಕೊನೆಗೆ ಕೊಲೊರಾಡೊ ನದಿಯ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ದಾಟಿ ಹೊರಬಂದವರು ಆರು ಜನ.

ಪವೆಲ್‌ನ ನಂತರದ ಎಂಬತ್ತು ವರ್ಷಗಳಲ್ಲಿ, 1949ರವರೆಗೆ, ಗ್ರ್ಯಾಂಡ್ ಕ್ಯಾನ್ಯನ್ ಮೂಲಕ ದೋಣಿಯಲ್ಲಿ ಸಾಗಿದವರ ಒಟ್ಟು ಸಂಖ್ಯೆ ಸುಮಾರು ನೂರು. ಅವರು ಮರಳದಂಡೆಯ ಮೇಲೆ ನೇರವಾಗಿ ಬೆಂಕಿ ಹಾಕಿದರು, ಬೂದಿಯನ್ನು ಅಲ್ಲಿಯೇ ಬಿಟ್ಟರು. ಅದರಿಂದ ಹಾನಿಯೇನೂ ಆಗಲಿಲ್ಲ, ಏಕೆಂದರೆ ಪ್ರತಿ ವರ್ಷ ರಾಕಿ ಪರ್ವತಗಳ ಹಿಮ ಕರಗಿ ಬೇಸಿಗೆಯ ಆರಂಭದಲ್ಲಿ ಬರುತ್ತಿದ್ದ ದೊಡ್ಡ ನೆರೆ ದಂಡೆಗಳನ್ನು ತೊಳೆದು, ಹೊಸ ಮರಳನ್ನು ಹಾಸಿ, ಮುಂದಿನ ವರ್ಷಕ್ಕೆ ಬೇಕಾದ ತೇಲುಕಟ್ಟಿಗೆಯನ್ನೂ ರಾಶಿ ಹಾಕಿ ಹೋಗುತ್ತಿತ್ತು. 1963ರಲ್ಲಿ ಮೇಲ್ದಂಡೆಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲುಗಳು ಮುಚ್ಚಿದಾಗ ಈ ವ್ಯವಸ್ಥೆ ನಿಂತುಹೋಯಿತು. ಮೇಲಿನಿಂದ ಬರುತ್ತಿದ್ದ ಹೂಳಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪಾಲು ಜಲಾಶಯದ ತಳದಲ್ಲಿ ಕೂತಿತು, ನೆರೆ ತಪ್ಪಿತು, ಕಟ್ಟಿಗೆಯೂ ತಪ್ಪಿತು. ಕಮರಿಯೊಳಗೆ ಹರಿದದ್ದು ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಏರಿಳಿಯುವ ತಣ್ಣನೆಯ ತಿಳಿನೀರು.

ಪ್ರವಾಸಿಗರ ಪ್ರವಾಹ ಆರಂಭವಾದದ್ದು ಸರಿಯಾಗಿ ಇದೇ ಹೊತ್ತಿಗೆ. ಎರಡನೆಯ ಮಹಾಯುದ್ಧದಲ್ಲಿ ಉಳಿದ ಸೈನ್ಯದ ರಬ್ಬರ್ ತೆಪ್ಪಗಳು ಅಗ್ಗವಾಗಿ ಸಿಗತೊಡಗಿದ ಮೇಲೆ ಕಮರಿಯ ಪಯಣ ಸಾಹಸಿಗಳ ಸೊತ್ತಾಗಿ ಉಳಿಯಲಿಲ್ಲ. 1966ರಲ್ಲಿ 1,067 ಜನ, 1969ರಲ್ಲಿ ಆರು ಸಾವಿರ ಜನ, 1972ರಲ್ಲಿ 16,432 ಜನ ಈ ಕಮರಿಯನ್ನು ಹಾದುಹೋದರು. 446 ಕಿಲೋಮೀಟರ್ ಉದ್ದದ ಕಮರಿಯಲ್ಲಿ ಬಂಡೆಗಳ ನಡುವೆ ಇಳಿದು ಮಲಗಲು ಬರುವ ಮರಳದಂಡೆಗಳು ಎಣಿಕೆಯವು, ಆದ್ದರಿಂದ ಒಂದೇ ದಂಡೆಯಲ್ಲಿ ಬೇಸಿಗೆಯುದ್ದಕ್ಕೂ ರಾತ್ರಿಗೊಂದರಂತೆ ಬಿಡಾರ, ಬಿಡಾರಕ್ಕೊಂದರಂತೆ ಬೆಂಕಿ. ತೊಳೆಯಲು ನೆರೆಯಿಲ್ಲದ ಮರಳಿನಲ್ಲಿ ಇದ್ದಿಲ ಚೂರು ಬೆರೆತು ದಂಡೆಗಳು ಬೂದು ಬಣ್ಣಕ್ಕೆ ತಿರುಗಿದವು, ಬರಿಗಾಲಿನವರ ಅಂಗಾಲುಗಳು ಕಪ್ಪಾದವು. ಇದ್ದಿಲು ಎಂಬುದು ಕೊಳೆಯುವ ವಸ್ತುವಲ್ಲ. ಸಾವಿರ ವರ್ಷಗಳ ಹಿಂದೆ ಈ ಕಮರಿಯಲ್ಲಿ ಬೇಸಾಯ ಮಾಡಿದ ಪ್ಯೂಬ್ಲೊ ಜನರ ಒಲೆಗಳ ಇದ್ದಿಲು ಇಂದಿಗೂ ಪುರಾತತ್ತ್ವಜ್ಞರಿಗೆ ಕಾಲನಿರ್ಣಯದ ಸಾಧನವಾಗಿ ಒದಗುವುದು ಅದೇ ಕಾರಣಕ್ಕೆ. ಅಂಥ ನೆಲದ ಮೇಲೆ ಹೊಸ ಇದ್ದಿಲನ್ನು ಬೆರೆಸುವುದು ಹಳೆಯ ಬರಹದ ಮೇಲೆ ಮಸಿ ಚೆಲ್ಲಿದಂತೆ.

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1972ರ ಪ್ರಮಾಣಕ್ಕೆ ಯಾತ್ರಿಕರ ಸಂಖ್ಯೆಯನ್ನು ಕಟ್ಟಿಹಾಕಿ, ನದಿಯ ಪರಿಸರದ ಅಧ್ಯಯನಕ್ಕೆ ತೊಡಗಿತು. ಆ ದಶಕದಲ್ಲಿ ಬಂದ ನಿಯಮಗಳಲ್ಲಿ ಒಂದು, ಪ್ರತಿ ತಂಡವೂ ಬೆಂಕಿಯನ್ನು ಲೋಹದ ತಟ್ಟೆಯಲ್ಲೇ ಹೊತ್ತಿಸಬೇಕು, ಬೂದಿಯನ್ನೂ ಇದ್ದಿಲನ್ನೂ ಜೊತೆಯಲ್ಲೇ ಹೊರಗೆ ಒಯ್ಯಬೇಕು ಎಂಬುದು. ನದಿಯವರ ಮಾತಿನಲ್ಲಿ ಇದು ಫೈರ್ ಪ್ಯಾನ್. ತಟ್ಟೆಯ ವಿಸ್ತೀರ್ಣ ಕನಿಷ್ಠ 300 ಚದರ ಇಂಚು ಇರಬೇಕು, ಸುತ್ತಲೂ ಕೆಂಡ ಉರುಳದಂತೆ ತಡೆಯುವ ಅಂಚು ಇರಬೇಕು ಎಂದು ನಿಯಮ ಬೆಳೆಯಿತು. ತಣಿದ ಬೂದಿ ತುಂಬಲು ತೆಪ್ಪದವರು ಆರಿಸಿಕೊಂಡದ್ದು ರಬ್ಬರ್ ಪಟ್ಟಿಯ ಬಿಗಿಮುಚ್ಚಳವಿರುವ ಸೈನ್ಯದ ಹಳೆಯ ಮದ್ದುಗುಂಡಿನ ಡಬ್ಬಿ. ತೆಪ್ಪದಂತೆ ಇದೂ ಯುದ್ಧದ ಉಳಿಕೆಯೇ. ಈ ನಿಯಮದ ಹಿರಿಮೆ ಇರುವುದು ಅದರ ಸರಳತೆಯಲ್ಲಿ: ನದಿ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಅಣೆಕಟ್ಟು ತಪ್ಪಿಸಿದ ಮೇಲೆ, ಆ ಕೆಲಸವನ್ನು ಪ್ರತಿ ಯಾತ್ರಿಕನ ಹೆಗಲಿಗೆ ಅದು ನೇರವಾಗಿ ವರ್ಗಾಯಿಸಿತು, ಮತ್ತು ದಂಡೆಗಳು ಮತ್ತೆ ಬೆಳ್ಳಗಾದವು.

ಕಾಲುಗಳ ಪ್ರಶ್ನೆ ಇದರ ಬೆನ್ನಿಗೇ ಬಂತು. ತಟ್ಟೆಯನ್ನು ಮರಳಿನ ಮೇಲೆ ನೇರವಾಗಿ ಇಟ್ಟರೆ ಬೂದಿ ಉಳಿಯದಿದ್ದರೂ ಕಾವು ಉಳಿಯುತ್ತದೆ; ತಟ್ಟೆ ಎತ್ತಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುವ ಮರಳಿನ ಮೇಲೆ ಕಾಲಿಟ್ಟವನು ಸುಟ್ಟುಕೊಳ್ಳುತ್ತಾನೆ. ಹುಲ್ಲುನೆಲದಲ್ಲಿ ತೊಂದರೆ ಇನ್ನೂ ಆಳದ್ದು. ಅಲ್ಲಿ ಕಾವು ಮಣ್ಣಿನ ಮೇಲ್ಪದರದ ಕೊಳೆತ ಎಲೆಗೊಬ್ಬರವನ್ನು ಸುಟ್ಟು, ಬೀಜ ಬೇರುಗಳನ್ನೂ ಸೂಕ್ಷ್ಮಜೀವಿಗಳನ್ನೂ ಕೊಂದು, ವರ್ಷಗಟ್ಟಲೆ ಏನೂ ಬೆಳೆಯದ ಬೋಳು ವೃತ್ತವನ್ನು ಬಿಡುತ್ತದೆ. ಸೊಪ್ಪಿನ ಮೆತ್ತೆ ದಪ್ಪಗಿದ್ದರೆ ಬೆಂಕಿ ಬೇರಿನ ಜಾಡು ಹಿಡಿದು ನೆಲದೊಳಗೆ ಹೊಗೆಯಾಡುತ್ತ ದಿನಗಳ ನಂತರ ಬೇರೆಡೆ ಎದ್ದದ್ದೂ ಉಂಟು. ಆದ್ದರಿಂದ ನದಿಯಿಂದ ಬೆಟ್ಟಕ್ಕೆ ಏರಿದ ಫೈರ್ ಪ್ಯಾನ್, ಕಾಲುಗಳನ್ನು ಅಥವಾ ಅಡಿಗೆ ಇಡುವ ಕಲ್ಲುಗಳನ್ನು, ಜೊತೆಗೆ ಬೆಂಕಿ ತಾಳುವ ಕಂಬಳಿಯನ್ನು ಕೂಡಿಸಿಕೊಂಡಿತು.

ತಮ್ಮ ಕೈಯಾರೆ ಇದನ್ನು ಮಾಡಿಕೊಂಡವರು ಮೊದಲಲ್ಲಿ ಬಳಸಿದ್ದು ಕಾರಿನ ಎಂಜಿನ್ ಎಣ್ಣೆ ಇಳಿಸುವ ಲೋಹದ ತಟ್ಟೆ, ಹಿತ್ತಿಲಿನ ಮಾಂಸ ಸುಡುವ ಒಲೆಯ ಬೋಗುಣಿ, ಅರ್ಧಕ್ಕೆ ಕೊಯ್ದ ಡ್ರಮ್ಮು. ಅನುಭವದಿಂದ ಕೆಲವು ವಿವೇಕಗಳು ನೆಲೆಗೊಂಡವು. ಸತುವಿನ ಲೇಪವಿರುವ ತಗಡು ಕಾದಾಗ ವಿಷದ ಹೊಗೆ ಬಿಡುವುದರಿಂದ ಅದು ಸಲ್ಲದು. ತೆಳು ತಗಡು ಹಗುರವಾದರೂ ಎರಡು ಮೂರು ಬೆಂಕಿಗೆ ಸೊಟ್ಟಗಾಗುತ್ತದೆ, ದಪ್ಪ ಉಕ್ಕು ನಿಲ್ಲುತ್ತದೆ ಆದರೆ ಹೊರಲಾಗದು, ಆದ್ದರಿಂದ ದೋಣಿಗೆ ಒಂದು, ಬೆನ್ನಚೀಲಕ್ಕೆ ಇನ್ನೊಂದು ಎಂಬುದೇ ಸರಿ. ತಟ್ಟೆಯ ತಳದಲ್ಲಿ ಒಂದಿಂಚು ಮರಳು ಹಾಸಿದರೆ ಲೋಹವೂ ಬಾಗದು, ಕೆಳಗೆ ಇಳಿಯುವ ಕಾವೂ ತಗ್ಗುತ್ತದೆ. ತಂತಿಜಾಲರಿಯ ತಳವಿರುವ ಮಡಚುವ ಒಲೆಗಳಲ್ಲಿ ಕೆಳಗಿನಿಂದ ಗಾಳಿ ಚೆನ್ನಾಗಿ ಆಡಿ ಕಟ್ಟಿಗೆ ಪೂರ್ತಿ ಬೂದಿಯಾಗುತ್ತದೆ, ಹೊರಬೇಕಾದ ಕೊಳ್ಳಿ ಇದ್ದಿಲು ಉಳಿಯುವುದಿಲ್ಲ. ಆದರೆ ಅದರ ಅಡಿಯಲ್ಲಿ ಕಾವು ತಡೆಯುವ ಇನ್ನೊಂದು ತಗಡು ಇಲ್ಲದಿದ್ದರೆ ಕಾಲಿದ್ದೂ ಹುಲ್ಲು ಕಮರುತ್ತದೆ. ಕಾಲು ಉದ್ದವಾದಷ್ಟೂ ನೆಲ ಸುರಕ್ಷಿತ, ಆದರೆ ಏರುಪೇರಿನ ಜಾಗದಲ್ಲಿ ಒಲೆ ವಾಲುವ ಅಪಾಯ ಹೆಚ್ಚು. ಅಲ್ಲಿ ನಾಲ್ಕಕ್ಕಿಂತ ಮೂರು ಕಾಲು ಅಲುಗದೆ ಕೂರುತ್ತವೆ.

ಈ ಅಭ್ಯಾಸಗಳನ್ನು ಅಮೆರಿಕದ ಅರಣ್ಯ ಸೇವೆ 1980ರ ದಶಕದಲ್ಲಿ ‘ಗುರುತು ಬಿಡದ’ ಯಾತ್ರೆಯ ಬೋಧನೆಯೊಳಗೆ ಸೇರಿಸಿತು. 1994ರಲ್ಲಿ ಕೊಲೊರಾಡೊ ರಾಜ್ಯದ ಬೌಲ್ಡರ್‌ನಲ್ಲಿ ಲೀವ್ ನೋ ಟ್ರೇಸ್ ಹೆಸರಿನ ಸಂಸ್ಥೆಯೇ ಹುಟ್ಟಿತು. ಅದರ ಏಳು ಸೂತ್ರಗಳಲ್ಲಿ ಒಂದು ಬಿಡಾರದ ಬೆಂಕಿಗೆ ಮೀಸಲು, ಮತ್ತು ತಟ್ಟೆಯಿಲ್ಲದವರಿಗಾಗಿ ಬಟ್ಟೆಯ ಮೇಲೆ ಹಲವು ಇಂಚು ದಪ್ಪದ ಬರಿ ಮಣ್ಣನ್ನು ದಿಬ್ಬವಾಗಿ ಪೇರಿಸಿ ಅದರ ಮೇಲೆ ಸಣ್ಣ ಬೆಂಕಿ ಹೊತ್ತಿಸುವ ವಿಧಾನವನ್ನೂ ಅದು ಕಲಿಸುತ್ತದೆ. ಕಳೆದ ಒಂದೂವರೆ ದಶಕದಲ್ಲಿ ಮಾರುಕಟ್ಟೆಗೆ ಬಂದ ಎರಡು ಗೋಡೆಯ ಹೊಗೆರಹಿತ ಉಕ್ಕಿನ ಒಲೆಗಳು, ಅಂದರೆ ಗೋಡೆಗಳ ನಡುವೆ ಕಾದು ಮೇಲೇರಿದ ಗಾಳಿಯಿಂದ ಹೊಗೆಯನ್ನು ಮತ್ತೊಮ್ಮೆ ಉರಿಸುವಂಥವು, ಕೂರುವವರ ಕಣ್ಣಿಗೆ ಹಿತವಾದವು. ಆದರೆ ಅವುಗಳಲ್ಲಿ ಹಲವು ನೆಲಕ್ಕೆ ಅಂಟಿಕೊಂಡು ಕೂರುತ್ತವೆ, ಎತ್ತರಿಸುವ ಪೀಠವನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಹಾಗಾಗಿ ಅವನ್ನು ನದಿಯ ತಟ್ಟೆಗಿಂತ ರೋಮನ್ನರ ಕೆಂಡದ ಪಾತ್ರೆಯ ವಾರಸುದಾರರೆಂದು ಎಣಿಸುವುದೇ ಯುಕ್ತ.

ಗ್ರ್ಯಾಂಡ್ ಕ್ಯಾನ್ಯನ್ನಿನ ದಂಡೆಗಳಿಗೆ ಮರಳನ್ನು ಮರಳಿಸಲು 1996ರ ಮಾರ್ಚ್‌ನಲ್ಲಿ ಅಣೆಕಟ್ಟಿನಿಂದ ಒಂದು ವಾರ ಕಾಲ ಸೆಕೆಂಡಿಗೆ ಸುಮಾರು 1,270 ಘನ ಮೀಟರ್ ನೀರನ್ನು ಹರಿಯಬಿಟ್ಟು ಕೃತಕ ನೆರೆಯನ್ನು ಪ್ರಯೋಗಿಸಲಾಯಿತು. 2004, 2008 ಮತ್ತು 2012ರಲ್ಲೂ ನಂತರವೂ ಅದು ಪುನರಾವರ್ತನೆಯಾಗಿದೆ. ಪ್ರತಿ ಬಾರಿಯೂ ದಂಡೆಗಳು ಬೆಳೆದು, ತಿಂಗಳುಗಳಲ್ಲಿ ಮತ್ತೆ ಸವೆದಿವೆ. ತೇಲುಕಟ್ಟಿಗೆ ಮಾತ್ರ ಜಲಾಶಯವನ್ನು ದಾಟಿ ಬರುವುದಿಲ್ಲ. ಪರಿಯಾ, ಲಿಟಲ್ ಕೊಲೊರಾಡೊ ಮೊದಲಾದ ಉಪನದಿಗಳು ತಮ್ಮ ನೆರೆಯಲ್ಲಿ ತಂದಷ್ಟೇ ಸಿಗುವುದರಿಂದ, ಫೈರ್ ಪ್ಯಾನ್ ಹೊತ್ತು ಬೇಸಿಗೆಯಲ್ಲಿ ಕಮರಿಗೆ ಇಳಿಯುವ ತಂಡಗಳು ಅದರಲ್ಲಿ ಉರಿಸುವ ಕಟ್ಟಿಗೆಯನ್ನೂ ಹೊರಗಿನಿಂದಲೇ ತೆಪ್ಪಕ್ಕೆ ಏರಿಸಿ ತರುತ್ತವೆ.